ಹುವಾಯ್ ನದಿಯ ನೆರೆ ಮತ್ತು ಟೋಕಿಯೊದ ರಂಗಮಂಚ: 1907ರ ಒಂದು ಸಹಾಯಾರ್ಥ ಪ್ರದರ್ಶನ

ಟೋಕಿಯೊದಲ್ಲಿ ವ್ಯಾಸಂಗ ಮಾಡುತ್ತಿದ್ದ ಕೆಲವು ಚೀನೀ ವಿದ್ಯಾರ್ಥಿಗಳು 1907ರ ಫೆಬ್ರವರಿ ತಿಂಗಳಿನಲ್ಲಿ ಅಲ್ಲಿನ ಚೀನೀ ಕ್ರೈಸ್ತ ಯುವಕರ ಸಂಘದ ಸಭಾಂಗಣದಲ್ಲಿ ಒಂದು ಫ್ರೆಂಚ್ ನಾಟಕದ ಭಾಗವನ್ನು ಅಭಿನಯಿಸಿದರು. ಚೀನಾದ ಆಧುನಿಕ ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಇಲ್ಲಿಂದಲೇ ಆರಂಭಿಸುತ್ತಾರೆ. ಹಾಡಿನ ಹಂಗಿಲ್ಲದೆ ಮಾತಿನಿಂದಲೇ ನಡೆಯುವ 'ಹುವಾಜು' ಎಂಬ ನಾಟಕ ಪ್ರಕಾರಕ್ಕೆ 2007ರಲ್ಲಿ ನೂರು ವರ್ಷ ತುಂಬಿತೆಂದು ಉತ್ಸವ ಆಚರಿಸಿದ್ದೂ ಈ ಲೆಕ್ಕದ ಮೇಲೆಯೇ. ಆ ಪ್ರದರ್ಶನ ಏಕೆ ಏರ್ಪಟ್ಟಿತೆಂಬುದನ್ನು ಮಾತ್ರ ಈ ಚರಿತ್ರೆಗಳು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ: ಸ್ವದೇಶದ ನೆರೆ ಸಂತ್ರಸ್ತರ ನೆರವಿಗಾಗಿ. ಪ್ರಸ್ತುತ ಲೇಖನದ ಆಸಕ್ತಿಯಿರುವುದು ಆ ಅರ್ಧ ವಾಕ್ಯದಲ್ಲಿ.

ನೆರೆ ಬಂದದ್ದು 1906ರಲ್ಲಿ, ಹುವಾಯ್ ನದಿಯ ಕೆಳಬಯಲಿನಲ್ಲಿ. ಇಲ್ಲಿಯ ನೆರೆಗೆ ಮಳೆಯೊಂದೇ ಕಾರಣವಲ್ಲ. ಹನ್ನೆರಡನೆಯ ಶತಮಾನದಿಂದ 1855ರವರೆಗೆ ಹಳದಿ ನದಿಯು ತನ್ನ ಪಾತ್ರ ಬಿಟ್ಟು ಹುವಾಯ್‌ನ ಪಾತ್ರದಲ್ಲಿ ಹರಿಯಿತು. ತಾನು ಹೊತ್ತು ತಂದ ಹೂಳನ್ನು ಅಲ್ಲಿ ತುಂಬಿತು. 1855ರಲ್ಲಿ ಅದು ಉತ್ತರಕ್ಕೆ ಹೊರಳಿದಾಗ ಹುವಾಯ್‌ಗೆ ಸಮುದ್ರ ಸೇರುವ ದಾರಿಯೇ ಉಳಿದಿರಲಿಲ್ಲ. ಹೋಂಗ್‌ಜೆ ಸರೋವರದಲ್ಲಿ ನಿಂತ ನೀರು ದಕ್ಷಿಣಕ್ಕೆ ಯಾಂಗ್ಟ್ಸೆಯತ್ತ ತೆವಳಬೇಕಿತ್ತು. ಮಳೆ ಹೆಚ್ಚಾದ ವರ್ಷ ಅದು ಹೊಲಗಳ ಮೇಲೆಯೇ ನಿಲ್ಲುತ್ತಿತ್ತು. 1906ರ ಬೆಳೆ ಹೀಗೆ ಹೋಯಿತು. ಆ ಚಳಿಗಾಲದಲ್ಲಿ ಮಹಾಕಾಲುವೆಯ ದಂಡೆಯ ಚಿಂಗ್‌ಜಿಯಾಂಗ್‌ಪು ಮೊದಲಾದ ಪಟ್ಟಣಗಳ ಹೊರಗೆ ಹಸಿದವರ ಬಿಡಾರಗಳು ಎದ್ದವು.

ಈ ನದಿಯ ಹಸಿವಿಗೆ ತನ್ನದೇ ಆದ ಒಂದು ಪ್ರದರ್ಶನ ಪರಂಪರೆ ಮೊದಲೇ ಇತ್ತೆಂಬುದು ಜಾನಪದ ವಿದ್ಯಾರ್ಥಿಗಳಿಗೆ ಗಮನಾರ್ಹ. ನೆರೆಬಿದ್ದ ಬಯಲಿಗಿಂತ ಮೇಲೆ, ಅದೇ ಹುವಾಯ್ ಕೊಳ್ಳದ ಆನ್‌ಹುಯಿ ಸೀಮೆಯಲ್ಲಿ ಫೆಂಗ್‌ಯಾಂಗ್ ಇದೆ. ಅಲ್ಲಿಯ ಹೆಂಗಸರು, ಸಾಮಾನ್ಯವಾಗಿ ಅತ್ತಿಗೆ ನಾದಿನಿಯರ ಜೋಡಿಯಾಗಿ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡೋಲನ್ನೂ ಕಿರುಜಾಗಟೆಯನ್ನೂ ಬಾರಿಸುತ್ತ, ಹಾಡುತ್ತ, ಚಳಿಗಾಲದಲ್ಲಿ ದಕ್ಷಿಣದ ಶ್ರೀಮಂತ ಪಟ್ಟಣಗಳಿಗೆ ಭಿಕ್ಷೆಗೆ ಹೋಗುತ್ತಿದ್ದರು. ಇದಕ್ಕೆ 'ಹುವಾಗು', ಎಂದರೆ ಹೂವಿನ ಡೋಲು, ಎಂದು ಹೆಸರು. ಫೆಂಗ್‌ಯಾಂಗ್ ಮಿಂಗ್ ವಂಶದ ಸ್ಥಾಪಕ ಚಕ್ರವರ್ತಿಯ ಊರು. 1344ರ ಕ್ಷಾಮದಲ್ಲಿ ಅನಾಥನಾದ ಆತನೂ ಬೌದ್ಧ ಮಠ ಸೇರಿ, ಭಿಕ್ಷಾಪಾತ್ರೆ ಹಿಡಿದು ಈ ಬಯಲಿನಲ್ಲೇ ಅಲೆದವನು. ಚಕ್ರವರ್ತಿಯನ್ನು ಹೆತ್ತ ಊರಿಗೇ ಬರ ಅಂಟಿಕೊಂಡಿತೆಂಬ ಅಣಕ ಡೋಲಿನ ಹಾಡುಗಳಲ್ಲಿ ಪ್ರಸಿದ್ಧವಾಗಿದೆ.

ಹದಿನೆಂಟನೆಯ ಶತಮಾನದ ವಿದ್ವಾಂಸ ಜಾವ್ ಯಿ ಈ ಭಿಕ್ಷುಕರ ಬಗ್ಗೆ ಕುತೂಹಲದ ಟಿಪ್ಪಣಿಯೊಂದನ್ನು ಬರೆದಿದ್ದಾನೆ. ಬೆಳೆ ಚೆನ್ನಾಗಿ ಬಂದ ವರ್ಷವೂ ಇವರು ಬರುತ್ತಾರಲ್ಲ ಎಂಬುದು ಅವನ ಪ್ರಶ್ನೆ. ಮಿಂಗ್ ಚಕ್ರವರ್ತಿಯು ದಕ್ಷಿಣದ ಧನಿಕ ಕುಟುಂಬಗಳನ್ನು ಬಲವಂತವಾಗಿ ಫೆಂಗ್‌ಯಾಂಗ್‌ಗೆ ಸಾಗಿಸಿದ್ದನೆಂದೂ, ಮರಳುವುದಕ್ಕೆ ನಿಷೇಧವಿದ್ದುದರಿಂದ ಅವರು ಭಿಕ್ಷುಕರ ವೇಷದಲ್ಲಿ ಬಂದು ಹಿರಿಯರ ಸಮಾಧಿಗಳಿಗೆ ನಮಿಸಿ ಹೋಗುತ್ತಿದ್ದರೆಂದೂ, ಅದೇ ಮುಂದೆ ರೂಢಿಯಾಯಿತೆಂದೂ ಜನರು ಕೊಡುತ್ತಿದ್ದ ಉತ್ತರವನ್ನು ಅವನು ದಾಖಲಿಸುತ್ತಾನೆ. ಐತಿಹ್ಯ ನಿಜವೋ ಅಲ್ಲವೋ, ಅದು ಒಂದು ಸಾಮಾಜಿಕ ಅಗತ್ಯವನ್ನು ಪೂರೈಸುತ್ತದೆ: ಬೇಡುವುದಕ್ಕೆ ಮರ್ಯಾದೆಯ ಕಾರಣವೊಂದನ್ನು ಒದಗಿಸುತ್ತದೆ. ನಮ್ಮ ಹೆಳವರು ಒಕ್ಕಲು ಮನೆಗಳ ವಂಶಾವಳಿಯನ್ನು ಹೇಳಿ ಕಾಣಿಕೆ ಪಡೆಯುವಾಗ ಅದನ್ನು ಭಿಕ್ಷೆಯೆಂದಲ್ಲ, ಹಕ್ಕೆಂದು ಭಾವಿಸುತ್ತಾರೆ. ಡೋಲಿನ ಹೆಂಗಸರಿಗೆ ಅಂಥ ಹಕ್ಕಿನ ಊರುಗಳಿರಲಿಲ್ಲ. ಅವರಿಗಿದ್ದ ಆಧಾರ ನದಿಯ ಮುನಿಸು ಮತ್ತು ಈ ಐತಿಹ್ಯ, ಎರಡೇ.

ಇನ್ನು ಟೋಕಿಯೊಗೆ ಬರೋಣ. 1905ರಲ್ಲಿ ಚೀನಾದ ಪ್ರಾಚೀನ ರಾಜಸೇವಾ ಪರೀಕ್ಷೆಗಳು ರದ್ದಾದವು. ಅಧಿಕಾರದ ಹಳೆಯ ಮೆಟ್ಟಿಲು ಮುರಿದ ಮೇಲೆ ಉಳ್ಳವರ ಮಕ್ಕಳಿಗೆ ಹತ್ತಿರದಲ್ಲಿ ಕಂಡದ್ದು ಜಪಾನ್. 1905–06ರ ಹೊತ್ತಿಗೆ ಅಲ್ಲಿದ್ದ ಚೀನೀ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 8,000ವೆಂದು ಅಂದಾಜು. ಅವರಲ್ಲಿ ತಿಯೆನ್‌ಜಿನ್‌ನ ಸಿರಿವಂತ ಮನೆತನದ ಲಿ ಶೂತೊಂಗ್ (1880–1942) ಒಬ್ಬರು. ಅವರ ತಂದೆ ಅತ್ಯುನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಶೂತೊಂಗ್ 1906ರಲ್ಲಿ ಟೋಕಿಯೊದ ಲಲಿತಕಲಾ ಶಾಲೆಗೆ ಪಾಶ್ಚಾತ್ಯ ಚಿತ್ರಕಲೆಯ ಅಭ್ಯಾಸಕ್ಕೆ ಸೇರಿದರು. ಸಹಪಾಠಿ ತ್ಸೆಂಗ್ ಶಿಯಾವ್‌ಗು ಮೊದಲಾದವರೊಡನೆ 'ಚುನ್‌ಲಿಯು ಶೆ', ಅಂದರೆ ವಸಂತದ ವಿಲ್ಲೋ ಸಂಘ, ಎಂಬ ಕಲಾಸಂಘವನ್ನು ಕಟ್ಟಿದರು.

ಈ ಯುವಕರು ರಂಗಕ್ಕೇರುವುದು ಸುಲಭದ ಮಾತಾಗಿರಲಿಲ್ಲ. ಚಿಂಗ್ ಆಳ್ವಿಕೆಯಲ್ಲಿ ನಟರು 'ನೀಚ' ವರ್ಗಕ್ಕೆ ಸೇರಿದವರು. ನಟರಿಗೂ ಅವರ ಸಂತತಿಗೂ ರಾಜಸೇವಾ ಪರೀಕ್ಷೆಯ ಬಾಗಿಲು ಮುಚ್ಚಿತ್ತು. ಪರೀಕ್ಷೆ ಹೋಗಿ ಎರಡು ವರ್ಷವಾಗಿತ್ತೇ ಹೊರತು ಆ ಕೀಳುಭಾವನೆ ಹೋಗಿರಲಿಲ್ಲ. ಇನ್ನು ಸ್ತ್ರೀಪಾತ್ರವೆಂದರಂತೂ ಹೇಳಬೇಕಾಗಿಲ್ಲ. ಇಂಥ ಸ್ಥಿತಿಯಲ್ಲಿ ಹುವಾಯ್ ನೆರೆಯ ಸುದ್ದಿ ಟೋಕಿಯೊಗೆ ಬಂತು.

ವಿಪತ್ತಿಗೆ ಕಲೆಯ ಮೂಲಕ ಹಣ ಕೂಡಿಸುವುದು ಹೊಸತೇನಲ್ಲ. 1876–79ರ ಉತ್ತರ ಚೀನಾದ ಮಹಾಕ್ಷಾಮದಲ್ಲಿ ದಕ್ಷಿಣದ ವರ್ತಕರು ಸರಕಾರವನ್ನು ಕಾಯದೆ ತಾವೇ ಪರಿಹಾರಕ್ಕಿಳಿದರು. ಶಿಯೆ ಜಿಯಾಫು ಎಂಬ ದಾನಿ 1878ರಲ್ಲಿ ಹಸಿದವರ ಚಿತ್ರಗಳ ಪುಸ್ತಿಕೆಯನ್ನೇ ಅಚ್ಚು ಹಾಕಿಸಿ ಹಂಚಿದರು. ಕಬ್ಬಿಣದ ಮನುಷ್ಯನೂ ಕಣ್ಣೀರಿಡುವಂಥ ಚಿತ್ರಗಳೆಂಬುದು ಅದರ ಹೆಸರಿನ ಭಾವ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ವೃತ್ತಿನಟರೂ ಸಹಾಯಾರ್ಥ ಆಟಗಳನ್ನು ಆಡುತ್ತಿದ್ದರು. ನಮ್ಮ ನಾಟಕ ಕಂಪನಿಗಳ ಕರಪತ್ರಗಳಲ್ಲಿ ಕಾಣುವ 'ಸಹಾಯಾರ್ಥ' ಎಂಬ ಪದ ಓದಿದವರಿಗೆ ಇದರ ಬಗೆ ಅಪರಿಚಿತವಲ್ಲ. ಆದರೆ ವೃತ್ತಿನಟನಿಗೆ ಸಹಾಯಾರ್ಥ ಪ್ರದರ್ಶನ ತನ್ನ ಒಂದು ದಿನದ ದುಡಿಮೆಯ ದಾನ. ಟೋಕಿಯೊದ ವಿದ್ಯಾರ್ಥಿಗಳಿಗೆ ಅದು ಬೇರೊಂದು ಕೆಲಸವನ್ನೂ ಮಾಡಿತು. ಕುಲಹೀನರ ಕಸುಬಾದ ನಟನೆಯನ್ನು ಕುಲೀನರು ಮಾಡುವುದಕ್ಕೆ ನೆರೆ ಪರಿಹಾರವು ಪರವಾನಗಿಯಾಯಿತು. ಚಕ್ರವರ್ತಿಯ ನಿಷೇಧದ ಕತೆ ಫೆಂಗ್‌ಯಾಂಗ್‌ನ ಭಿಕ್ಷೆಗೆ ಕೊಟ್ಟ ಮರ್ಯಾದೆಯನ್ನೇ ಹಸಿದವರ ಹೆಸರು ಇವರ ನಟನೆಗೆ ಕೊಟ್ಟಿತು. ಇವರ ಕಳಕಳಿ ಕೃತಕವೆಂದು ಇದರ ಅರ್ಥವಲ್ಲ. ಕಳಕಳಿಯೂ ರಂಗದ ಹಂಬಲವೂ ಒಟ್ಟಿಗೇ ಇದ್ದವು.

ಆಡಿದ ನಾಟಕ ಕಿರಿಯ ಅಲೆಕ್ಸಾಂಡರ್ ಡ್ಯೂಮಾನ 'ಕಮೇಲಿಯಾ ಹೂವಿನ ರಮಣಿ'. ಅದರ ಕಾದಂಬರಿ ರೂಪವು 1899ರಲ್ಲಿ ಲಿನ್ ಶು ಅವರ ಅನುವಾದದಿಂದ ಚೀನೀ ಓದುಗರನ್ನು ಅಳಿಸಿತ್ತು. ಪ್ರೇಮಿಯ ತಂದೆಯ ಮಾತಿಗೆ ಕಟ್ಟುಬಿದ್ದು ಪ್ರೇಮವನ್ನು ತೊರೆಯುವ ಪ್ಯಾರಿಸ್ಸಿನ ವೇಶ್ಯೆ ಮಾರ್ಗರೀಟ್ ಆಗಿ ಲಿ ಶೂತೊಂಗ್, ಆ ತಂದೆಯಾಗಿ ತ್ಸೆಂಗ್ ಶಿಯಾವ್‌ಗು. ನೆರೆ, ಹಸಿವು, ಹುವಾಯ್ ಯಾವುದೂ ನಾಟಕದಲ್ಲಿಲ್ಲ. ಡೋಲಿನ ಹೆಂಗಸರು ತಮ್ಮ ಬರವನ್ನು ತಾವೇ ಹಾಡುತ್ತಿದ್ದರು. ಇಲ್ಲಿ ಗಂಡಸರು ಹೆಣ್ಣುವೇಷದಲ್ಲಿ ಬೇರೊಂದು ದೇಶದ ದುಃಖವನ್ನು ಆಡಿ, ಹಸಿದವರಿಗಾಗಿ ಹಣ ಕೇಳಿದರು. ಸಂತ್ರಸ್ತನ ದನಿ ಮತ್ತು ಸಹಾಯ ಕೇಳುವವನ ದನಿ ಬೇರೆಯಾದದ್ದು ಹೀಗೆ. ಹುವಾಜುವಿನ ಜನನಕ್ಕಿಂತ ಈ ಬೇರ್ಪಡೆಯೇ ಹೆಚ್ಚು ದೊಡ್ಡ ಘಟನೆಯೆಂದು ನನ್ನ ಅಭಿಪ್ರಾಯ.

ಸಭಿಕರಲ್ಲಿ ಹುನಾನ್‌ನ ಅಧಿಕಾರಿ ಮನೆತನದ ಹದಿಹರೆಯದ ವಿದ್ಯಾರ್ಥಿ ಓಯಾಂಗ್ ಯೂಚಿಯೆನ್ (1889–1962) ಇದ್ದರು. ನಾಟಕವನ್ನು ಹೀಗೂ ಆಡಬಹುದೇ ಎಂದು ಬೆರಗಾದುದನ್ನು ಅವರು ಮುಂದೆ ಆತ್ಮಕಥನದಲ್ಲಿ ನೆನೆದಿದ್ದಾರೆ. ಕೂಡಲೇ ಸಂಘವನ್ನೂ ಸೇರಿದರು. 1907ರ ಜೂನ್ 1 ಮತ್ತು 2ರಂದು ಟೋಕಿಯೊದ ಹೊಂಗೊ ರಂಗಮಂದಿರದಲ್ಲಿ ಸಂಘವು 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯ ರೂಪಾಂತರವನ್ನು ಐದು ಅಂಕಗಳಲ್ಲಿ ಆಡಿತು. ಈ ಹೊತ್ತಿಗೆ ನೆರೆಯ ಹೆಸರು ಬೇಕಾಗಿರಲಿಲ್ಲ, ನಾಟಕವೇ ಉದ್ದೇಶವಾಗಿತ್ತು. ಆದರೆ ಪರವಾನಗಿ ಕಳಚಿದ ಮೇಲೆ ತೊಡಕು ತಪ್ಪಲಿಲ್ಲ. ರಂಗವೇರುವ ವಿದ್ಯಾರ್ಥಿಗಳ ಸರಕಾರಿ ವೇತನ ನಿಲ್ಲುವುದೆಂಬ ಎಚ್ಚರಿಕೆ ಮುಂದಿನ ವರ್ಷಗಳಲ್ಲಿ ರಾಯಭಾರ ಕಚೇರಿಯಿಂದ ಬಂದಿತು, ಗುಂಪು ತೆಳುವಾಯಿತು.

ಲಿ ಶೂತೊಂಗ್ 1911ರಲ್ಲಿ ಸ್ವದೇಶಕ್ಕೆ ಮರಳಿ ಚಿತ್ರಕಲೆ, ಸಂಗೀತ ಕಲಿಸಿದರು. 1918ರಲ್ಲಿ ಹಾಂಗ್‌ಜೋನಲ್ಲಿ ಬೌದ್ಧ ಸಂನ್ಯಾಸ ಸ್ವೀಕರಿಸಿ ಹೋಂಗ್ ಯಿ ಎನಿಸಿದರು. ಮಾರ್ಗರೀಟ್ ವೇಷದ ಅವರ ಛಾಯಾಚಿತ್ರಗಳು ಉಳಿದಿವೆ. ಹುವಾಜುವಿನ ಚರಿತ್ರೆಗಳಲ್ಲಿ ಅವು ಮತ್ತೆ ಮತ್ತೆ ಅಚ್ಚಾಗುತ್ತವೆ. ಫೆಂಗ್‌ಯಾಂಗ್‌ನ ಜನರಂತೂ ಆಮೇಲೂ ಡೋಲು ಹೊತ್ತು ಹೊರಡುತ್ತಲೇ ಇದ್ದರು. 1978ರ ಕೊನೆಯಲ್ಲಿ ಸಾಮೂಹಿಕ ಜಮೀನನ್ನು ಮನೆಗಳಿಗೆ ಹಂಚಿಕೊಳ್ಳಲು ಗುಟ್ಟಾಗಿ ಹೆಬ್ಬೆಟ್ಟೊತ್ತಿದ ಶಿಯಾವ್‌ಗಾಂಗ್ ಹಳ್ಳಿಯ ರೈತರು ಇದೇ ಫೆಂಗ್‌ಯಾಂಗ್‌ನವರು, ಬರದ ತಿಂಗಳುಗಳಲ್ಲಿ ಬೇಡಲು ಹೋಗಿ ಬಲ್ಲವರು. ಹೂವಿನ ಡೋಲು 2006ರಲ್ಲಿ ಚೀನಾದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು. ಅದರ ಮರುವರ್ಷವೇ ಹುವಾಜುವಿನ ಶತಮಾನೋತ್ಸವ ನಡೆಯಿತು.