ಬಂದರಿಕೆ

ಅಂಟುವಾಳ, ಲಿಚಿಗಳು ಸೇರಿದ ಸ್ಯಾಪಿಂಡೇಸೀ ಕುಟುಂಬದ ಬೇಲಿಗೆ ಬೆಳೆಸುವ ನಿತ್ಯಹಸಿರು ಪೊದೆ. ಹಂಗರಿಕೆ ಎಂಬ ಹೆಸರೂ ಉಂಟು. ಸಸ್ಯನಾಮ ಡೋಡೋನಿಯ ವಿಸ್ಕೋಸ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಟೀಲಿಯ ಎಂಬ ಜಾತಿಗೆ ಸೇರಿಸಿದ್ದ. 1760ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಜಾಕ್ವಿನ್ ಈಗಿನ ಹೆಸರಿಗೆ ತಂದ. ಜಾತಿಯ ಹೆಸರಿನಲ್ಲಿ 16ನೆಯ ಶತಮಾನದ ಫ್ಲೆಮಿಷ್ ವೈದ್ಯ ಡೋಡೋನ್ಸನ ನೆನಪಿದೆ; ವಿಸ್ಕೋಸ ಎಂದರೆ ಅಂಟುಳ್ಳದ್ದು. ಎಳೆಯ ಕುಡಿಯನ್ನು ಬೆರಳಲ್ಲಿ ಹಿಡಿದರೆ ಹೆಸರಿನ ಅರ್ಥ ತಾನಾಗಿ ತಿಳಿಯುತ್ತದೆ.

ಚಿತ್ರದುರ್ಗ, ತುಮಕೂರು ಕಡೆಯ ಕಲ್ಲುಗುಡ್ಡಗಳಲ್ಲಿ ಇದು ತಾನೇತಾನಾಗಿ ಬೆಳೆಯುತ್ತದೆ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಹವಾಯಿಗಳಲ್ಲೂ ಇದು ನಾಡಗಿಡವೇ. ನ್ಯೂಜಿಲೆಂಡಿನ ಮಾವೊರಿ ಜನ ಇದರ ಗಟ್ಟಿ ಮರದಿಂದ ಆಯುಧ ಮಾಡುತ್ತಿದ್ದರು. ಕೆನ್ನೇರಳೆ ಎಲೆಯ ತೋಟದ ತಳಿಯೂ ಅಲ್ಲಿಂದಲೇ ಬಂದದ್ದು.

ಹೂವಿಗೆ ದಳಗಳಿಲ್ಲ, ಪರಾಗ ಗಾಳಿಯಲ್ಲಿ ಹೋಗುತ್ತದೆ. ಗಂಡು ಹೂ, ಹೆಣ್ಣು ಹೂ ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿ. ಕಾಯಿಗೆ ಕಾಗದದಂಥ ಎರಡು ಮೂರು ರೆಕ್ಕೆ. ಮಾಗುತ್ತ ನಸುಗೆಂಪಿಗೆ ತಿರುಗುತ್ತದೆ. ಸದಾ ಕತ್ತರಿಸುವ ಬೇಲಿಯಲ್ಲಿ ಕಾಯಿ ಸಿಗುವುದು ಅಪರೂಪ. ಬೀಜ ಬೇಕಿದ್ದವರು ಮೂಲೆಯಲ್ಲಿ ನಾಲ್ಕೈದು ಗಿಡಗಳನ್ನು ಕತ್ತರಿ ತಾಗಿಸದೆ ಬಿಡಬೇಕು.

ಒಣಗಿದ ಕಾಯಿಯನ್ನು ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದರೆ ರೆಕ್ಕೆಯೆಲ್ಲ ಹಾರಿ, ಸಾಸಿವೆಯಂಥ ಕಪ್ಪು ಬೀಜ ಉಳಿಯುತ್ತದೆ. ಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಗಡುಸು. ಕುದಿಸಿ ಒಲೆಯಿಂದಿಳಿಸಿದ ನೀರನ್ನು ಬೀಜದ ಮೇಲೆ ಸುರಿದು, ಅದರಲ್ಲೇ ರಾತ್ರಿಯಿಡೀ ಬಿಟ್ಟು ಬಿತ್ತಬೇಕು. ಈ ಒಂದು ಕೆಲಸ ತಪ್ಪಿಸಿ ಬೀಜವೇ ಜೊಳ್ಳೆಂದು ಕೈಬಿಡುವವರು ಬಹಳ.

ಮುಂಗಾರು ಹಿಡಿದ ಮೇಲೆ ಸಸಿಗಳನ್ನು 30 ಸೆಂ.ಮೀ. ಅಂತರದಲ್ಲಿ ನೆಡುತ್ತಾರೆ. ಮರೆ ದಟ್ಟವಾಗಬೇಕಾದರೆ ಎರಡು ಸಾಲು, ಒಂದರ ಸಂದಿಗೆ ಇನ್ನೊಂದರ ಗಿಡ. ಮೊಣಕಾಲೆತ್ತರ ಬರುವ ಮೊದಲೇ ತುದಿ ಚಿವುಟಬೇಕು. ಬೇಗ ಎತ್ತರವಾಗಲಿ ಎಂಬ ಆಸೆಗೆ ಚಿವುಟದೆ ಬಿಟ್ಟರೆ ಮೇಲೆ ಹಸಿರು, ಬುಡದಲ್ಲಿ ಬರೀ ಕಡ್ಡಿ; ಕೋಳಿ, ನಾಯಿ ಎಲ್ಲಕ್ಕೂ ಅದೇ ದಾರಿ. ಕತ್ತರಿಸುವಾಗ ಬುಡ ಅಗಲ, ತಲೆ ಕಿರಿದಾಗಿರಲಿ, ಕೆಳಗಿನ ಎಲೆಗೂ ಬಿಸಿಲು ಬೀಳುತ್ತದೆ. ಎಲೆಯಿಲ್ಲದ ಹಳೆಯ ಕಾಂಡದವರೆಗೆ ಕಡಿದರೆ ಮತ್ತೆ ಚಿಗುರುವುದು ಕಷ್ಟ. ಅಂಟು ಹಿಡಿದ ಕತ್ತರಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಬೇಕು.

ಮೊದಲ ಬೇಸಿಗೆ ದಾಟುವವರೆಗೆ ನೀರು ಕೊಟ್ಟರೆ ಸಾಕು, ಆಮೇಲೆ ಮಳೆಯಲ್ಲೇ ಬದುಕುತ್ತದೆ. ನೀರು ನಿಲ್ಲುವ ನೆಲ ಮಾತ್ರ ಆಗದು. ನೆರಳಲ್ಲಿ ಬೇಲಿ ತೆಳ್ಳಗಾಗುತ್ತದೆ. ದನ, ಮೇಕೆ ಬಾಯಿ ಹಾಕುವುದು ತೀರಾ ಕಡಿಮೆ. ಆದರೆ ಅಂಟಿನ ದೆಸೆಯಿಂದ ಹಸಿ ಕೊಂಬೆಯೂ ಉರಿಯುವುದರಿಂದ ಹುಲ್ಲಿನ ಬಣವೆಯ ಪಕ್ಕ ನೆಡಬಾರದು. ಉಳುಕಿಗೆ, ಮುರಿದ ಮೂಳೆಗೆ ಇದರ ಎಲೆ ಕಟ್ಟುವ ರೂಢಿ ನಾಟಿವೈದ್ಯದಲ್ಲಿದೆ.

ನರ್ಸರಿಗಳಲ್ಲಿ ಬೇಲಿಗಿಡ ಕೇಳಿದರೆ ಈಗ ಕೈಗಿಡುವುದು ಹೆಚ್ಚಾಗಿ ಅಮೆರಿಕದ ಉಷ್ಣವಲಯದಿಂದ ಬಂದ ಡುರಾಂಟ. ಅದರ ಹಳದಿ ಕಾಯಿ ವಿಷ. ಮಕ್ಕಳಿರುವ ಮನೆಗೆ ತಕ್ಕದ್ದಲ್ಲ. ಬಯಲುಸೀಮೆಯ ಬಿಸಿಲು ಬಿದ್ದ ಅಂಗಳಕ್ಕೆ ಅದಕ್ಕಿಂತ ನಮ್ಮ ಗುಡ್ಡದ ಬಂದರಿಕೆಯೇ ಮೇಲು.