ಕಿತ್ತೂರಿನ ದೂರವಾಣಿ ವಿನಿಮಯ ಕೇಂದ್ರ

ಕಿತ್ತೂರೆಂದೊಡನೆ ಇತಿಹಾಸದ ವಿದ್ಯಾರ್ಥಿಗಳಾದ ನಮಗೆ 1824ರ ಸಮರವೂ ಥ್ಯಾಕರೆಯ ಮರಣವೂ ನೆನಪಾಗುವುದು ಸಹಜ. ಅದೇ ಊರಿನಲ್ಲಿ 1986ರ ಜುಲೈ ತಿಂಗಳಲ್ಲಿ ನಡೆದ ಇನ್ನೊಂದು ಘಟನೆಗೆ ನಮ್ಮ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ತಾನು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ಮೊದಲಿಗೆ ಅಲ್ಲಿಯೇ ಸ್ಥಾಪಿಸಿತು.

ಯಂತ್ರದ ಸಾಮರ್ಥ್ಯ 128 ಸಂಪರ್ಕಗಳು. ಹೊರ ಊರಿನ ಮಾರ್ಗಗಳೂ ಇದರಲ್ಲಿಯೇ ಅಡಕವಾದುದರಿಂದ ಚಂದಾದಾರರ ಸಂಖ್ಯೆ ಇನ್ನೂ ಕಡಿಮೆ. ಇದನ್ನು ಪಟ್ಟಣದ ಯಂತ್ರದ ಕಿರಿಯ ಪ್ರತಿಯೆಂದು ಭಾವಿಸುವುದನ್ನು ನಾವು ಒಪ್ಪಲಾರೆವು. ಅಂದಿನ ದೊಡ್ಡ ಅಂಕೀಯ ಕೇಂದ್ರಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕು. ಕೊಠಡಿ ತಂಪಾಗಿರಲು ತಡೆಯಿಲ್ಲದ ವಿದ್ಯುತ್ತು ಬೇಕು. ಕೆಟ್ಟರೆ ಸರಿಪಡಿಸುವ ನಿಪುಣರು ಸಮೀಪದಲ್ಲಿರಬೇಕು. ಈ ಮೂರೂ ಹಳ್ಳಿಯಲ್ಲಿ ದುರ್ಲಭ. ಆದುದರಿಂದ ವಿನ್ಯಾಸಕಾರರು ಕೊರತೆಯಿಂದಲೇ ಆರಂಭಿಸಿದರು. ವಿದ್ಯುತ್ತಿನ ಬಳಕೆ ಮಿತವಾದರೆ ಹುಟ್ಟುವ ಶಾಖವೂ ಮಿತ. ಅದು ಗಾಳಿಯ ಸಹಜ ಸಂಚಾರದಿಂದಲೇ ಹೊರಹೋಗುವುದು. ಕೆಟ್ಟ ಫಲಕವನ್ನು ಕಳಚಿ ಬೇರೊಂದನ್ನು ಸೇರಿಸಿದರೆ ಕಾರ್ಯ ಮುಂದುವರಿಯುವುದು. ದುರಸ್ತಿ ಪಟ್ಟಣದಲ್ಲಿ ಸಾವಕಾಶವಾಗಿ ಆಗಬಹುದು. ಧೂಳೂ ಬೇಸಗೆಯೂ ಇಲ್ಲಿ ಅಪವಾದಗಳಲ್ಲ, ಲೆಕ್ಕಕ್ಕೆ ಹಿಡಿದ ಅಂಶಗಳು.

ಈ ಪ್ರಯತ್ನದೊಡನೆ ಸ್ಯಾಮ್ ಪಿತ್ರೋಡಾ ಅವರ ಹೆಸರು ಸೇರಿರುವುದು ಯುಕ್ತವೇ. ಆದರೆ ಕಂಬ ನೆಟ್ಟು ತಂತಿ ಎಳೆದ, ಬ್ಯಾಟರಿಗಳನ್ನು ಕಾಯ್ದ ನೌಕರರ ಅನುಭವ ಬರಹಕ್ಕಿಳಿದುದು ತೀರ ಕಡಿಮೆ. (ಅರಮನೆಯ ಕಡತಗಳಿಗೆ ನಾವು ತೋರುವ ಆದರ ದೂರವಾಣಿ ಕಚೇರಿಯ ಕಡತಗಳಿಗೆ ಏಕಿಲ್ಲ?) ಸಂಚಾರಿ ದೂರವಾಣಿ ಹರಡಿದಂತೆ ಇಂತಹ ಕೇಂದ್ರಗಳು ಹಿಂದೆ ಸರಿದವು. ಅವುಗಳ ದೋಷ ನೋಂದಣಿ ಪುಸ್ತಕಗಳನ್ನು, ಉಳಿದಿರುವೆಡೆಯಲ್ಲಿ, ಈಗಲೇ ಸಂಗ್ರಹಿಸಬೇಕು. ಯಾವ ದಿನ ವಿದ್ಯುತ್ತು ಹೋಯಿತು, ಬದಲಿ ಫಲಕ ಬರಲು ಎಷ್ಟು ದಿನ ಹಿಡಿಯಿತು ಎಂಬುದನ್ನು ಹೇಳಬಲ್ಲವು ಅವೇ.