ಕಂದಾಗುವ ಕ್ಷಣದ ರಸಾಯನ: ಒಂದು ಕಿಣ್ವದ ಅಧ್ಯಯನ ಸಾಗಿಬಂದ ಹಾದಿ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಬೆಳೆಯುವ ನಾಲ್ಕು ಬೆಳೆಗಳಲ್ಲಿ ಒಂದೇ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಫಲ ಮಾತ್ರ ಬೆಳೆಗೊಂದು ಥರ. ಕೊಕ್ಕೊ ಬೀಜದ ನೇರಳೆ ತಿರುಳು ಕಂದಾದರೆ ಅದು ಚೆನ್ನಾಗಿ ಹುಳಿತ ಬೀಜ. ನೇರಳೆಯಾಗಿಯೇ ಉಳಿದರೆ ಚಾಕಲೇಟಿನಲ್ಲಿ ಕಹಿಯೂ ಒಗರೂ ಎದ್ದು ಕಾಣುತ್ತವೆ. ಅದೇ ಕಂದು ರಬ್ಬರ್ ಹಾಲಿನಲ್ಲಿ ಮೂಡಿದರೆ ಶೀಟಿನ ಅಂದ ಕೆಡುತ್ತದೆ, ಗೇರುಹಣ್ಣಿನ ರಸದಲ್ಲಿ ಮೂಡಿದರೆ ರಸಕ್ಕೆ ಬೆಲೆಯಿಲ್ಲ. ಹಸಿ ಅಡಿಕೆಯ ಹೋಳು ಗಾಳಿಗೆ ಬಣ್ಣಗೆಡುವುದೂ ಇದರಿಂದಲೇ. ಎಲ್ಲದರ ಹಿಂದೆ ಇರುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಕಾರಣ ಒಂದೇ ಆಗಿದ್ದೂ ಫಲ ಬೇರೆಯಾಗುವುದೇಕೆ? ಉತ್ತರ ಇರುವುದು ಕಿಣ್ವದಲ್ಲಲ್ಲ, ಅದರ ಕೈಯಿಂದ ಹೊರಬಿದ್ದು ಬೇಗನೆ ಬೇರೊಂದಾಗಿ ಮಾರ್ಪಡುವ ಆರ್ಥೊ-ಕ್ವಿನೋನ್ ಎಂಬ ಅಲ್ಪಾಯುಷಿ ಅಣುವಿನಲ್ಲಿ. ಈ ಅರಿವಿಗೆ ಬರಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ನಮ್ಮ ಕೊಯ್ಲೋತ್ತರ ಸಂಸ್ಕರಣೆಯೂ ಈಗ ಅದೇ ಅರಿವಿನ ಮೇಲೆ ನಿಲ್ಲಬೇಕು ಎಂಬುದು ಈ ಲೇಖನದ ವಾದ.

ಮೊದಲ ಘಟ್ಟದಲ್ಲಿ ಎಲ್ಲರ ಕಣ್ಣೂ ಕಿಣ್ವದ ಮೇಲಿತ್ತು. ಕೆಲವು ಅಣಬೆಗಳು ಕತ್ತರಿಸಿದೊಡನೆ ಬಣ್ಣ ಬದಲಿಸುವುದನ್ನು ಶೋನ್‌ಬೈನ್ 1856ರಲ್ಲಿ ಗುರುತಿಸಿದ. ಫ್ರಾನ್ಸಿನ ಗೇಬ್ರಿಯಲ್ ಬರ್ಟ್ರಾಂಡ್ 1896ರಲ್ಲಿ ಟೈರೊಸಿನೇಸ್ ಎಂಬ ಹೆಸರು ಕೊಟ್ಟ. ಕಂದಾಗುವ ಹಣ್ಣುಗಳಲ್ಲಿ ಕ್ಯಾಟೆಕಾಲ್ ಜಾತಿಯ ಫಿನಾಲುಗಳಿರುತ್ತವೆ ಎಂಬುದನ್ನು ಇಂಗ್ಲೆಂಡಿನ ಮ್ಯೂರಿಯಲ್ ಆನ್ಸ್‌ಲೊ 1920ರ ಹೊತ್ತಿಗೆ ತೋರಿಸಿಕೊಟ್ಟರು. ಕಿಣ್ವದ ಒಡಲಲ್ಲಿ ತಾಮ್ರವಿದೆ ಎಂಬುದು ಕುಬೊವಿಟ್ಜ್ ಆಲೂಗಡ್ಡೆಯ ಮೇಲೂ, ಕೈಲಿನ್ ಮತ್ತು ಮಾನ್ ಅಣಬೆಯ ಮೇಲೂ ನಡೆಸಿದ ಕೆಲಸದಿಂದ 1938ರ ವೇಳೆಗೆ ಸ್ಪಷ್ಟವಾಯಿತು. ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿರುವ ಲೋಹವೇ ಇದು. ಆದರೆ ಇಲ್ಲಿ ಎರಡು ತಾಮ್ರದ ಪರಮಾಣುಗಳು ಪ್ರೊಟೀನಿನ ಆಳದಲ್ಲಿ ಜೋಡಿಯಾಗಿ ಕುಳಿತಿರುತ್ತವೆ. ಗೆಣಸಿನ ಕಿಣ್ವದ ಹರಳಿನ ರಚನೆ 1998ರಲ್ಲಿ ಪ್ರಕಟವಾದಾಗ, ಪ್ರತಿ ತಾಮ್ರವನ್ನೂ ಮೂರು ಹಿಸ್ಟಿಡೀನ್‌ಗಳು ಹಿಡಿದಿರುವುದು ಕಂಡಿತು.

ಎರಡನೆಯ ಘಟ್ಟದಲ್ಲಿ ಪ್ರಶ್ನೆಯೇ ಬದಲಾಯಿತು: ಫಿನಾಲ್ ಒಳಗೆ ಹೋಗಿ ಕಂದು ಹೊರಬರುವ ನಡುವೆ ಏನಾಗುತ್ತದೆ? ಬಾಟಲಿಯಲ್ಲಿ ತುಂಬಿಡಲಾಗದ ವಸ್ತು ನಿಜವಾಗಿ ಇದೆಯೆಂದು ನಂಬುವುದು ಹೇಗೆ ಎಂಬ ಆಕ್ಷೇಪ ಸಹಜವಾದದ್ದೇ. ಅದಕ್ಕೆ ಉತ್ತರ ಹಲವು ದಿಕ್ಕುಗಳಿಂದ ಬಂತು. ವಿಲ್‌ಸ್ಟೆಟರ್ 1904ರಲ್ಲಿ ಆರ್ಥೊ-ಬೆಂಜೊಕ್ವಿನೋನನ್ನು ಪ್ರಯೋಗಾಲಯದಲ್ಲೇ ತಯಾರಿಸಿ, ಅದು ಎಷ್ಟು ಚುರುಕಿನ ವಸ್ತು ಎಂಬುದನ್ನು ಮುಂದಿಟ್ಟ. ಬ್ರಿಟನ್ ಚಾನ್ಸ್ 1943ರಲ್ಲಿ ದ್ರಾವಣಗಳನ್ನು ವೇಗವಾಗಿ ಬೆರೆಸಿ, ಪೆರಾಕ್ಸಿಡೇಸ್ ಕಿಣ್ವ ತನ್ನ ಆಹಾರಕ್ಕೆ ಅಂಟಿಕೊಂಡ ಸ್ಥಿತಿಯನ್ನು ಬೆಳಕಿನ ಹೀರಿಕೆಯಿಂದ ಹಿಡಿದ. ಫಿನಾಲಿಗೆ ಸೇರುವ ಆಮ್ಲಜನಕ ನೀರಿನದಲ್ಲ, ಗಾಳಿಯದು ಎಂಬುದನ್ನು ಮೇಸನ್ ತಂಡ 1955ರಲ್ಲಿ ಆಮ್ಲಜನಕದ ಭಾರದ ಸಮಸ್ಥಾನಿಯನ್ನು ಬಳಸಿ ಸಾಬೀತುಪಡಿಸಿತು. ಎರಡು ತಾಮ್ರಗಳ ನಡುವೆ ಆಮ್ಲಜನಕ ಪೆರಾಕ್ಸೈಡ್ ರೂಪದಲ್ಲಿ ಕೂರುವ ಸ್ಥಿತಿಯ ಗುರುತು 1974ರಲ್ಲಿ ಸಿಕ್ಕಿತು. ಇದೇ ಬಗೆಯ ಹುಡುಕಾಟ ಕರ್ನಾಟಕದಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಅಪ್ಪಾಜಿ ರಾವ್, ಎಚ್. ಎಸ್. ಸಾವಿತ್ರಿ, ಎಂ. ಆರ್. ಎನ್. ಮೂರ್ತಿ ಅವರು ಸೀರಿನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸ್ ಎಂಬ ಬೇರೊಂದು ಕಿಣ್ವದ ಹೆಜ್ಜೆಗಳನ್ನು ವರ್ಷಗಟ್ಟಲೆ ಬಿಡಿಸಿ ನೋಡಿದರು. ಅಲ್ಲಿನ ಕ್ವಿನೊನಾಯ್ಡ್ ಎಂಬ ನಡುವಣ ಸ್ಥಿತಿ 495 ನ್ಯಾನೊಮೀಟರ್ ಬೆಳಕನ್ನು ಹೀರಿ ತನ್ನ ಇರವನ್ನು ಸಾರುತ್ತದೆ. ಬೆಳಕು, ಸಮಸ್ಥಾನಿ, ಹರಳು ಮೂರೂ ಒಂದೇ ಮಾತು ಹೇಳಿದಾಗ ಅನುಮಾನಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ.

ಈ ತಿಳಿವಳಿಕೆಯನ್ನು ತೋಟಕ್ಕೆ ತಂದರೆ ಮೊದಲಿನ ಒಗಟು ಬಿಡಿಸಿಕೊಳ್ಳುತ್ತದೆ. ಕ್ವಿನೋನ್ ಎಲೆಕ್ಟ್ರಾನಿಗೆ ಹಸಿದ ಅಣು. ಹತ್ತಿರ ಸಿಕ್ಕಿದ್ದನ್ನು ಹಿಡಿಯುತ್ತದೆ. ಕೊಕ್ಕೊ ಬೀಜದಲ್ಲಿ ಯೀಸ್ಟು ಸಕ್ಕರೆಯನ್ನು ಆಲ್ಕೊಹಾಲ್ ಮಾಡಿ, ಬ್ಯಾಕ್ಟೀರಿಯಾ ಅದನ್ನು ಅಸಿಟಿಕ್ ಆಮ್ಲ ಮಾಡಿ, ರಾಶಿಯ ಬಿಸಿ 45ರಿಂದ 50 ಡಿಗ್ರಿಗೆ ಏರಿದಾಗ ಬೀಜ ಸಾಯುತ್ತದೆ, ಕೋಶದ ಪೊರೆಗಳು ಒಡೆಯುತ್ತವೆ, ಬೇರೆಬೇರೆ ಇದ್ದ ಕಿಣ್ವವೂ ಎಪಿಕ್ಯಾಟೆಕಿನ್ ಮುಂತಾದ ಫಿನಾಲುಗಳೂ ಸಂಧಿಸುತ್ತವೆ. ಹುಟ್ಟಿದ ಕ್ವಿನೋನ್ ಪಕ್ಕದ ಪ್ರೊಟೀನನ್ನೂ ಇತರ ಫಿನಾಲುಗಳನ್ನೂ ಕಟ್ಟಿಕೊಂಡು ದೊಡ್ಡ ಕಂದು ಅಣುವಾಗುತ್ತದೆ, ಒಗರು ತಗ್ಗುತ್ತದೆ. ಗೇರುಹಣ್ಣಿನಲ್ಲಿ ಸಿ ಜೀವಸತ್ವ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಅದು ಕ್ವಿನೋನನ್ನು ಹುಟ್ಟಿದೊಡನೆ ಮರಳಿ ಫಿನಾಲ್ ಮಾಡುತ್ತದೆ, ತಾನು ಮುಗಿದ ಮೇಲಷ್ಟೇ ಕಂದಿಗೆ ದಾರಿ ಬಿಡುತ್ತದೆ. ಬಿಳಿ ಕ್ರೇಪ್ ರಬ್ಬರ್ ಮಾಡುವಾಗ ಬಳಸುವ ಸೋಡಿಯಂ ಮೆಟಾಬೈಸಲ್ಫೈಟ್ ಕಿಣ್ವವನ್ನು ತಡೆಯುವುದರ ಜೊತೆಗೆ ಕ್ವಿನೋನಿಗೆ ಅಂಟಿ ಬಣ್ಣವಿಲ್ಲದ ವಸ್ತುವನ್ನು ಕೊಡುತ್ತದೆ. ಮಲೆನಾಡಿನ ಕೆಂಪಡಿಕೆಯಲ್ಲಿ ಬೇಯಿಸುವಾಗ ಕಿಣ್ವವೇ ನಾಶವಾಗುತ್ತದೆ, ಬಣ್ಣವನ್ನು ಅಡಿಕೆ ಬೇಯಿಸಿದ ರಸವಾದ ಚೊಗರು ಕೊಡುತ್ತದೆ. ನಮ್ಮ ಚಾಲಿ ಅಡಿಕೆಗೆ ಫಿನಾಲ್ ಕಡಿಮೆಯಾದ ಹಣ್ಣಡಿಕೆಯನ್ನೇ ಆರಿಸಿ, ಸಿಪ್ಪೆಯ ರಕ್ಷಣೆಯಲ್ಲಿ 40-45 ದಿನ ಬಿಸಿಲಿಗೆ ಒಣಗಿಸುತ್ತೇವೆ. ಪ್ರತಿ ಕಡೆಯೂ ಪ್ರಶ್ನೆ ಒಂದೇ: ಕ್ವಿನೋನ್ ಹುಟ್ಟಬೇಕೇ, ಹುಟ್ಟಿದರೆ ಎಲ್ಲಿಗೆ ಹೋಗಬೇಕು?

ಎಲ್ಲ ಹೊಣೆಯನ್ನೂ ಒಂದೇ ಕಿಣ್ವದ ತಲೆಗೆ ಕಟ್ಟುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ. ಕಬ್ಬಿಣವಿರುವ ಪೆರಾಕ್ಸಿಡೇಸ್ ಕೂಡ ಫಿನಾಲುಗಳನ್ನು ಉತ್ಕರ್ಷಿಸುತ್ತದೆ. ಕೊಕ್ಕೊ ಹುಳಿಯುವ ಮೊದಲ ದಿನಗಳಲ್ಲೇ ಪಾಲಿಫಿನಾಲ್ ಆಕ್ಸಿಡೇಸಿನ ಚಟುವಟಿಕೆ ಬಹಳಷ್ಟು ಕುಸಿಯುತ್ತದೆ, ಮುಂದೆ ಗಾಳಿಯೂ ತನ್ನ ಪಾಲಿನ ಕೆಲಸ ಮಾಡುತ್ತದೆ. ಆದರೆ ಈ ಆಕ್ಷೇಪ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಹುವುದಿಲ್ಲ: ದಾರಿಗಳು ಬೇರೆಯಾದರೂ ಬಹುಪಾಲು ಕ್ವಿನೋನಿನ ಹೊಸ್ತಿಲನ್ನೇ ದಾಟುತ್ತವೆ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಹೆಚ್ಚಿದ ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕಿ ಕಪ್ಪಾಗದಂತೆ ಕಾಯುವ ನಮ್ಮ ಅಡುಗೆಮನೆಗೆ ಈ ರಸಾಯನಶಾಸ್ತ್ರ ಬೇಕಿತ್ತೇ? ಬೇಕಿರಲಿಲ್ಲ, ಹುಳಿ ಕಿಣ್ವವನ್ನು ನಿಧಾನಿಸುತ್ತದೆ, ನೀರು ಗಾಳಿಯನ್ನು ದೂರವಿಡುತ್ತದೆ ಎಂಬುದನ್ನು ಅನುಭವವೇ ಕಲಿಸಿದೆ. ಆದರೆ ಅನುಭವ ತಲೆಮಾರುಗಳಿಂದ ಬಂದ ಬೆಳೆಗಷ್ಟೇ ದಾರಿ ತೋರಬಲ್ಲದು. ಕೊಕ್ಕೊ ಇಲ್ಲಿಗೆ ಹೊಸದು. ರಬ್ಬರಿಗೂ ಅಜ್ಜಂದಿರ ಪಾಠವಿಲ್ಲ.

ಈ ಪಾಠಕ್ಕೆ ಬೇಕಾದ ನೆಲೆ ನಮ್ಮಲ್ಲೇ ಇದೆ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು; ಗೇರು ಸಂಶೋಧನಾ ಕೇಂದ್ರ ಅದೇ ವರ್ಷ, ಅದೇ ಊರಿನಲ್ಲಿ ಆರಂಭವಾಯಿತು. ಕೊಕ್ಕೊವನ್ನು ಹಸಿಬೀಜವಾಗಿಯೇ ಮಾರುವ ಕೃಷಿಕ ಹುಳಿಸುವ ಕೆಲಸವನ್ನು ಕೊಂಡವರಿಗೆ ಬಿಡುತ್ತಾನೆ. ಮನೆಯಲ್ಲೇ ಒಣಗಿಸುವವನ ರಾಶಿ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ, ಕಿಣ್ವ ಮತ್ತು ಫಿನಾಲುಗಳ ಭೇಟಿ ಅರ್ಧಕ್ಕೇ ನಿಲ್ಲುತ್ತದೆ. ಬಾಳೆಎಲೆ ಹಾಸಿದ ಬುಟ್ಟಿಯಲ್ಲಿ ಬೀಜವನ್ನು ಬೆಚ್ಚಗೆ ಮುಚ್ಚಿ, ಆರು ದಿನಗಳಲ್ಲಿ ದಿನ ಬಿಟ್ಟು ದಿನ ಮಗುಚಬೇಕೆಂಬ ಸಲಹೆಯ ಅರ್ಥ ಇಲ್ಲಿ ತೆರೆದುಕೊಳ್ಳುತ್ತದೆ: ಬಿಸಿ ಕೋಶವನ್ನು ಒಡೆಯುತ್ತದೆ, ಮಗುಚುವಿಕೆ ಆಮ್ಲಜನಕ ಒದಗಿಸುತ್ತದೆ. ಏಕೆ ಎಂದು ತಿಳಿದವನು ಮಳೆಗಾಲದಲ್ಲೋ ಫಸಲು ಕಡಿಮೆಯಾದಾಗಲೋ ಯಾವುದನ್ನು ಬದಲಿಸಬಹುದು, ಯಾವುದನ್ನು ಬಿಡಲಾಗದು ಎಂದು ತಾನೇ ನಿರ್ಧರಿಸಬಲ್ಲ. ಬಾಳದ ಅಣುವೊಂದರ ಬೆನ್ನುಹತ್ತಿದ ದೀರ್ಘ ಅಧ್ಯಯನ ಕೃಷಿಕನ ಕೈಗೆ ಕೊಡುವ ನಿಜವಾದ ಲಾಭ ಈ ಸ್ವಾತಂತ್ರ್ಯವೇ.